ಇದ್ದೂ ಕಾಣದ ಕನ್ನಡ

ಗ್ರಂಥಾಲಯದಲ್ಲಿ ಪುಸ್ತಕ ಹುಡುಕುವ ಅಭ್ಯಾಸವಿರುವ ನಮ್ಮೆಲ್ಲರಿಗೂ ಒಂದು ಅನುಭವ ಆಗಿಯೇ ಇರುತ್ತದೆ. ಪಟ್ಟಿಯಲ್ಲಿ ಪುಸ್ತಕದ ಹೆಸರು ಇದೆ. ಅದರ ಸಂಖ್ಯೆಯೂ ಇದೆ. ಯಾರೂ ಎರವಲು ಒಯ್ದಿಲ್ಲವೆಂದು ರಿಜಿಸ್ಟರು ಸಾಕ್ಷಿ ನುಡಿಯುತ್ತದೆ. ಆದರೆ ಕಪಾಟಿನಲ್ಲಿ ಅದು ಇರಬೇಕಾದ ಜಾಗ ಮಾತ್ರ ಖಾಲಿ. ಯಾರೋ ಪುಣ್ಯಾತ್ಮರು ಕಾವ್ಯದ ಪುಸ್ತಕವನ್ನು ತೆಗೆದು ನೋಡಿ, ಭೂಗೋಳದ ಸಾಲಿನಲ್ಲಿ ಸಿಕ್ಕಿಸಿ ಹೋಗಿರುತ್ತಾರೆ. ಪುಸ್ತಕ ಅದೇ ಕೊಠಡಿಯಲ್ಲಿ, ನಮ್ಮಿಂದ ನಾಲ್ಕು ಮಾರು ದೂರದಲ್ಲಿ ಇರುತ್ತದೆ. ಆದರೂ ನಮ್ಮ ಪಾಲಿಗೆ ಅದು ಇಲ್ಲ. ತಪ್ಪು ಕಪಾಟಿನಲ್ಲಿಟ್ಟ ಪುಸ್ತಕವೂ ಕಳೆದುಹೋದ ಪುಸ್ತಕವೂ ಓದುಗನಿಗೆ ಒಂದೇ.

ಈ ಲೇಖನ ಪುಸ್ತಕಗಳನ್ನು ಕುರಿತದ್ದಲ್ಲ. ಗಣಕಯಂತ್ರದ ಪ್ರೋಗ್ರಾಮುಗಳಲ್ಲಿ ನಮ್ಮ ಕನ್ನಡದ ಅನುವಾದಗಳಿಗೂ ಇದೇ ಗತಿ ಒದಗುತ್ತಿದೆ ಎಂಬುದನ್ನು ನಿವೇದಿಸಿಕೊಳ್ಳುವುದು ಇದರ ಉದ್ದೇಶ. ಕಲಾ ವಿಭಾಗದ ವಿದ್ಯಾರ್ಥಿಗೆ ಈ ಅಧಿಕಪ್ರಸಂಗ ಏತಕ್ಕೆ ಎಂದು ಕೆಲವು ಮಿತ್ರರು ಹುಬ್ಬೇರಿಸಬಹುದು. ಅವರಿಗೆ ನನ್ನ ಉತ್ತರ ಲೇಖನದ ಕೊನೆಯಲ್ಲಿದೆ. ಅಲ್ಲಿಯವರೆಗೆ ತಾಳ್ಮೆಯಿಂದ ಓದಬೇಕೆಂದು ಪ್ರಾರ್ಥನೆ.

ಕಳೆದ ಬೇಸಗೆ ರಜೆಯಲ್ಲಿ ನಡೆದ ಸಂಗತಿ. ನಮ್ಮೂರಿನಲ್ಲಿ ಒಂದು ಸಣ್ಣ ವಾಚನಾಲಯವಿದೆ. ಅದನ್ನು ನೋಡಿಕೊಳ್ಳುವವರು ಊರಿನ ಹಿರಿಯರೊಬ್ಬರು. ಅವರ ಶಾಲೆಯ ಓದು ಏಳನೆಯ ತರಗತಿಗೆ ನಿಂತಿತು. ಆದರೆ ಕನ್ನಡ ಪುಸ್ತಕಗಳ ವಿಷಯದಲ್ಲಿ ನಮ್ಮಂಥ ಬಿ.ಎ. ವಿದ್ಯಾರ್ಥಿಗಳ ಕಿವಿ ಹಿಂಡಬಲ್ಲಷ್ಟು ಓದಿಕೊಂಡವರು. ದಾನಿಗಳೊಬ್ಬರು ಕೊಟ್ಟ ಹಳೆಯ ಗಣಕಯಂತ್ರವೊಂದು ಅಲ್ಲಿಗೆ ಬಂದಿತ್ತು. ಇಂಜಿನಿಯರಿಂಗ್ ಓದುತ್ತಿರುವ ನನ್ನ ಬಾಲ್ಯಸ್ನೇಹಿತನೊಬ್ಬ ಅದಕ್ಕೆ ಲಿನಕ್ಸ್ ಹಾಕಿ, ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಲೆಕ್ಕವಿಡಲು ಒಂದು ಚಿಕ್ಕ ಪ್ರೋಗ್ರಾಮನ್ನು ಸಿ ಭಾಷೆಯಲ್ಲಿ ಬರೆದಿದ್ದನು. ಅದು ಆಡುವ ಮಾತೆಲ್ಲ ಇಂಗ್ಲಿಷು. ಅದನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂತು.

ಸುಮಾರು ಇನ್ನೂರು ವಾಕ್ಯಗಳು. ನೋಡುವುದಕ್ಕೆ ಅಲ್ಪ, ಮಾಡುವುದಕ್ಕೆ ಕುಳಿತಾಗ ಗೊತ್ತಾಗುತ್ತದೆ. 'ಓವರ್‌ಡ್ಯೂ' ಎಂಬುದಕ್ಕೆ ನಾನು 'ಅವಧಿ ಅತಿಕ್ರಮಿಸಿದೆ' ಎಂದು ಬರೆದು ಹಿರಿಯರಿಗೆ ಓದಿ ಹೇಳಿದೆ. ಅವರು ನಕ್ಕು, "ಅದೇನಪ್ಪಾ ಕೋರ್ಟಿನ ನೋಟೀಸು ಇದ್ದ ಹಾಗಿದೆ? 'ವಾಯಿದೆ ದಾಟಿದೆ' ಅಂತ ಹಾಕು, ಎಲ್ಲರಿಗೂ ಗೊತ್ತಾಗ್ತದೆ" ಎಂದರು. ಹೀಗೆ ಒಂದೊಂದು ಮಾತಿಗೂ ಅವರನ್ನು ಕೇಳಿ, ತಿದ್ದಿ, ಮೂರು ವಾರಗಳಲ್ಲಿ ಕೆಲಸ ಮುಗಿಯಿತು. ಅನುವಾದದ ಫೈಲನ್ನು ಯಂತ್ರಕ್ಕೆ ಸೇರಿಸಿ, ಹಿರಿಯರನ್ನು ಕುರ್ಚಿಯಲ್ಲಿ ಕೂರಿಸಿ, ಪ್ರೋಗ್ರಾಮನ್ನು ತೆರೆದೆವು.

ಪರದೆಯ ಮೇಲೆ ಮೂಡಿದ್ದು ಇಂಗ್ಲಿಷು!

"ಎಲ್ಲಪ್ಪಾ ನಿನ್ನ ಕನ್ನಡ?" ಎಂದರು ಹಿರಿಯರು.

"ಇದೆ ಮಾವ, ಒಳಗಡೆ ಇದೆ. ಬರುತ್ತೆ" ಎಂದೆ. ಅದು ಬರಲಿಲ್ಲ. ಮುಚ್ಚಿ ತೆರೆದೆವು, ಯಂತ್ರವನ್ನೇ ಆರಿಸಿ ಹೊತ್ತಿಸಿದೆವು. ಪ್ರೋಗ್ರಾಮು ಒಂದು ತಪ್ಪನ್ನೂ ತೋರಿಸಲಿಲ್ಲ, ಒಂದು ದೂರನ್ನೂ ಹೇಳಲಿಲ್ಲ. ಏನೂ ಆಗಿಲ್ಲವೆಂಬಂತೆ ಇಂಗ್ಲಿಷಿನಲ್ಲಿ ತನ್ನ ಕೆಲಸವನ್ನು ಮಾಡಿಕೊಂಡು ಹೋಯಿತು.

ಈ ವಿಚಿತ್ರದ ಒಳಮರ್ಮವನ್ನು ಅರಿಯಬೇಕಾದರೆ, ಸಿ ಭಾಷೆಯ ಪ್ರೋಗ್ರಾಮು ತನ್ನ ಅನುವಾದವನ್ನು ಹುಡುಕುವ ಬಗೆಯನ್ನು ಸ್ವಲ್ಪ ತಿಳಿಯಬೇಕು. ವಿಷಯ ಕಠಿಣವೇನಲ್ಲ. ಈಗ ಬಹುವಾಗಿ ಬಳಕೆಯಲ್ಲಿರುವ ಏರ್ಪಾಡಿಗೆ 'ಗೆಟ್‌ಟೆಕ್ಸ್ಟ್' ಎಂದು ಹೆಸರು. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯವರು ೧೯೯೦ರ ದಶಕದ ಆದಿಯಲ್ಲಿ ಇದನ್ನು ರೂಪಿಸಿದರು. ೧೯೯೫ರಲ್ಲಿ ಗ್ನು ಯೋಜನೆಯವರು ಎಲ್ಲರೂ ಮುಕ್ತವಾಗಿ ಬಳಸಬಹುದಾದ ತಮ್ಮದೇ ಗೆಟ್‌ಟೆಕ್ಸ್ಟನ್ನು ಹೊರತಂದರು. ೨೦೨೪ರಲ್ಲಿ ಪ್ರಕಟವಾದ ಪಾಸಿಕ್ಸ್ ಮಾನದಂಡದಲ್ಲಿಯೂ ಇದಕ್ಕೆ ಸ್ಥಾನ ದೊರೆತಿದೆ. ಇದರಲ್ಲಿ ಪ್ರೋಗ್ರಾಮು ಬರೆಯುವವನು ಪರದೆಯ ಮೇಲೆ ಬರಬೇಕಾದ ಪ್ರತಿಯೊಂದು ಇಂಗ್ಲಿಷ್ ವಾಕ್ಯವನ್ನೂ 'ಗೆಟ್‌ಟೆಕ್ಸ್ಟ್' ಎಂಬ ಕ್ರಿಯೆಯ ಕೈಗೆ ಕೊಡುತ್ತಾನೆ. ಆ ವಾಕ್ಯವೇ ಬೀಗದ ಕೈ. ಅದಕ್ಕೆ ಹೊಂದುವ ಕನ್ನಡ ವಾಕ್ಯ ಅನುವಾದದ ಫೈಲಿನಲ್ಲಿರುತ್ತದೆ. ಅನುವಾದಕನು ಬರೆಯುವ ಫೈಲಿಗೆ 'ಪಿಒ' ಎಂದೂ, ಅದನ್ನು ಯಂತ್ರ ಬೇಗ ಓದುವಂತೆ ಮಾರ್ಪಡಿಸಿದ ಫೈಲಿಗೆ 'ಎಂಒ' ಎಂದೂ ಹೆಸರು.

ಪ್ರೋಗ್ರಾಮು ಎದ್ದೊಡನೆ ಮೂರು ಕೆಲಸಗಳನ್ನು ಮಾಡತಕ್ಕದ್ದು. ಮೊದಲನೆಯದು 'ಸೆಟ್‌ಲೊಕೇಲ್': ನನ್ನ ಯಜಮಾನನ ಭಾಷೆ ಯಾವುದು, ದೇಶ ಯಾವುದು ಎಂದು ಯಂತ್ರವನ್ನು ಕೇಳಿ ಅದರಂತೆ ನಡೆಯುವುದು. ಈ ಭಾಷೆ ಮತ್ತು ದೇಶದ ಜೋಡಿಗೆ ಲೊಕೇಲ್ ಎನ್ನುತ್ತಾರೆ. ಎರಡನೆಯದು 'ಬೈಂಡ್‌ಟೆಕ್ಸ್ಟ್‌ಡೊಮೇನ್': ನನ್ನ ಅನುವಾದಗಳು ಇಂಥ ಫೋಲ್ಡರಿನಲ್ಲಿವೆ ಎಂದು ಸಾರುವುದು. ಮೂರನೆಯದು 'ಟೆಕ್ಸ್ಟ್‌ಡೊಮೇನ್': ಆ ಫೋಲ್ಡರಿನಲ್ಲಿ ನನಗೆ ಸೇರಿದ ಫೈಲಿನ ಹೆಸರು ಇದು ಎಂದು ತಿಳಿಸುವುದು.

ಇಷ್ಟಾದ ಮೇಲೆ ಹುಡುಕಾಟ ಅಂಚೆಯ ವಿಳಾಸದಂತೆ ನಡೆಯುತ್ತದೆ. ನಾವು ಜಿಲ್ಲೆ, ತಾಲೂಕು, ಊರು, ಬೀದಿ, ಮನೆ ಎಂದು ಬರೆಯುವುದಿಲ್ಲವೆ? ಹಾಗೆಯೇ ಇಲ್ಲಿ 'ಯುಎಸ್‌ಆರ್' ಎಂಬ ಫೋಲ್ಡರು, ಅದರೊಳಗೆ 'ಶೇರ್', ಅದರೊಳಗೆ 'ಲೊಕೇಲ್', ಅದರೊಳಗೆ ಕನ್ನಡಕ್ಕೆಂದು ಗೊತ್ತುಮಾಡಿದ 'ಕೆಎನ್' ಎಂಬ ಎರಡಕ್ಷರದ ಫೋಲ್ಡರು, ಅದರೊಳಗೆ 'ಎಲ್‌ಸಿ_ಮೆಸೇಜಸ್', ಅದರೊಳಗೆ ಪ್ರೋಗ್ರಾಮಿನ ಹೆಸರು ಹೊತ್ತ ಎಂಒ ಫೈಲು. ಯಂತ್ರದ ಲೊಕೇಲ್ 'ಕೆಎನ್_ಐಎನ್', ಅಂದರೆ ಭಾರತದ ಕನ್ನಡ, ಎಂದಿದ್ದರೆ ಮೊದಲು ಆ ಪೂರ್ಣ ಹೆಸರಿನ ಫೋಲ್ಡರನ್ನು ನೋಡಿ, ಅಲ್ಲಿಲ್ಲದಿದ್ದರೆ ಬರಿಯ 'ಕೆಎನ್' ಎಂಬುದಕ್ಕೆ ಬರುತ್ತದೆ. ಇಷ್ಟರ ಮಟ್ಟಿಗೆ ಅದು ಉದಾರಿ. ಆದರೆ 'ಕನ್ನಡ' ಎಂದು ಪೂರ್ಣವಾಗಿ ಬರೆದರೂ, ಗ್ರಂಥಾಲಯಗಳವರು ಬಳಸುವ 'ಕೆಎಎನ್' ಎಂಬ ಮೂರಕ್ಷರದ ಸಂಕೇತವನ್ನು ಬರೆದರೂ ಅದು ತಿರುಗಿ ನೋಡದು. ನಮ್ಮ ಊರಿನ ಅಂಚೆಯವನಾದರೆ ಅರ್ಧ ವಿಳಾಸವಿದ್ದರೂ ಮನೆ ಹುಡುಕಿ ಕಾಗದ ತಲುಪಿಸುತ್ತಾನೆ. ಯಂತ್ರಕ್ಕೆ ಆ ದಾಕ್ಷಿಣ್ಯವಿಲ್ಲ.

ಎಂಒ ಫೈಲು ಸಿಗದಿದ್ದರೆ ಏನಾಗುತ್ತದೆ? ಗೆಟ್‌ಟೆಕ್ಸ್ಟ್ ತನ್ನ ಕೈಗೆ ಕೊಟ್ಟ ಇಂಗ್ಲಿಷ್ ವಾಕ್ಯವನ್ನೇ ಹಿಂದಕ್ಕೆ ಕೊಡುತ್ತದೆ, ಅಷ್ಟೆ. ದೋಷವೆಂದು ಸಾರುವುದಿಲ್ಲ. ನಮ್ಮ ವಾಚನಾಲಯದಲ್ಲಿ ಆದದ್ದು ಇದೇ.

ಕಾರಣ ಹುಡುಕಲು ನನ್ನ ಗೆಳೆಯನು 'ಎಸ್‌ಟ್ರೇಸ್' ಎಂಬ ಸಲಕರಣೆಯನ್ನು ತಂದನು. ಒಂದು ಪ್ರೋಗ್ರಾಮು ಯಾವ ಯಾವ ಫೈಲಿನ ಬಾಗಿಲು ತಟ್ಟಿತು, ಯಾವುದು ತೆರೆಯಿತು, ಯಾವುದು ಇಲ್ಲವೆಂದಿತು ಎಂಬುದನ್ನೆಲ್ಲ ಅದು ಪತ್ತೇದಾರನಂತೆ ಬರೆದು ತೋರಿಸುತ್ತದೆ. ಆ ಪಟ್ಟಿಯಲ್ಲಿ ನಮ್ಮ ಎಂಒ ಫೈಲಿನ ಹೆಸರೇ ಇರಲಿಲ್ಲ. ಹುಡುಕಿ ಸಿಗದೆ ಹೋಗುವುದು ಬೇರೆ. ಹುಡುಕಲೇ ಹೋಗದಿರುವುದು ಬೇರೆ. ಇಲ್ಲಿ ಎರಡನೆಯದಾಗಿತ್ತು. ಯಂತ್ರಕ್ಕೆ 'ಕನ್ನಡದಲ್ಲಿ ನಡೆ' ಎಂದು ಗೆಳೆಯ ಬರೆದಿಟ್ಟಿದ್ದನು ನಿಜ. ಆದರೆ ಕನ್ನಡದ ಲೊಕೇಲನ್ನು ಆ ಯಂತ್ರದಲ್ಲಿ ಸಿದ್ಧಪಡಿಸಿಯೇ ಇರಲಿಲ್ಲ. ಡೆಬಿಯನ್ ಮುಂತಾದ ಲಿನಕ್ಸ್ ವಿತರಣೆಗಳಲ್ಲಿ ಬೇಕಾದ ಲೊಕೇಲನ್ನು ಪಟ್ಟಿಯಲ್ಲಿ ಗುರುತುಮಾಡಿ 'ಲೊಕೇಲ್-ಜೆನ್' ಎಂಬ ಆಜ್ಞೆಯಿಂದ ತಯಾರಿಸಿಕೊಳ್ಳಬೇಕು. ಅದಿಲ್ಲದಿದ್ದರೆ ಸೆಟ್‌ಲೊಕೇಲ್ ವಿಫಲವಾಗಿ, ಪ್ರೋಗ್ರಾಮು 'ಸಿ' ಎಂಬ ಮೂಲ ಲೊಕೇಲಿನಲ್ಲೇ ಉಳಿಯುತ್ತದೆ. ಆ ಸ್ಥಿತಿಯಲ್ಲಿ ಗೆಟ್‌ಟೆಕ್ಸ್ಟ್ ಯಾವ ಅನುವಾದವನ್ನೂ ಹುಡುಕುವುದಿಲ್ಲ. 'ಲ್ಯಾಂಗ್ವೇಜ್' ಎಂಬ ಬೇರೊಂದು ಸೂಚನೆಯಲ್ಲಿ ಕನ್ನಡವೆಂದು ಬರೆದಿದ್ದರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಲೊಕೇಲ್ ತಯಾರಾಯಿತು. ಪಟ್ಟಿಯಲ್ಲಿ ನಮ್ಮ ಫೈಲಿನ ಹೆಸರೂ ಬಂತು. ಆದರೆ ಎದುರಿಗೆ 'ಇಲ್ಲ' ಎಂಬ ಉತ್ತರ. ನೋಡಿದರೆ ಪ್ರೋಗ್ರಾಮು ಹುಡುಕುತ್ತಿದ್ದುದು 'ಯುಎಸ್‌ಆರ್' ಒಳಗಿನ 'ಲೋಕಲ್' ಎಂಬ ಬೇರೊಂದು ಕವಲಿನಲ್ಲಿ! ಮೂಲದಿಂದ ನಾವೇ ಕಂಪೈಲ್ ಮಾಡಿಕೊಂಡ ಪ್ರೋಗ್ರಾಮು, ಬೇರೆ ಹೇಳದಿದ್ದರೆ, ವಾಡಿಕೆಯಂತೆ ಆ ಕವಲಿನಲ್ಲಿ ನೆಲೆಸುತ್ತದೆ. ತನ್ನ ಅನುವಾದದ ವಿಳಾಸವನ್ನೂ ಅಲ್ಲಿಗೇ ಬರೆದುಕೊಳ್ಳುತ್ತದೆ. ವಿತರಣೆಯೊಂದಿಗೆ ಬಂದ ಪ್ರೋಗ್ರಾಮುಗಳ ಅನುವಾದಗಳೆಲ್ಲ ಮುಖ್ಯ 'ಶೇರ್' ಫೋಲ್ಡರಿನಲ್ಲಿರುವುದನ್ನು ಕಂಡು ನಾನು ನಮ್ಮದನ್ನೂ ಅಲ್ಲಿ ಇಟ್ಟಿದ್ದೆ. ಬೀದಿ ಸರಿ, ಮನೆ ಸರಿ, ಊರೇ ತಪ್ಪು.

ಫೈಲನ್ನು ಸರಿಯಾದ ಊರಿಗೆ ಒಯ್ದೆವು. ಮತ್ತೆ ಇಂಗ್ಲಿಷು! ಈ ಸಲದ ತಪ್ಪು ನನ್ನದೇ. 'ಎಲ್‌ಸಿ_ಮೆಸೇಜಸ್' ಎಂಬುದನ್ನು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬರೆಯಬೇಕು. ನಾನು ಸಣ್ಣಕ್ಷರಗಳಲ್ಲಿ ಬರೆದಿದ್ದೆ. ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳ ಭೇದವಿಲ್ಲ, ಲಿನಕ್ಸಿಗೆ ಇದೆ. ಅದನ್ನು ತಿದ್ದಿದ ಮರುಕ್ಷಣವೇ ಪರದೆಯ ಮೇಲೆ 'ಪುಸ್ತಕ ಕೊಡು', 'ಪುಸ್ತಕ ವಾಪಸು', 'ವಾಯಿದೆ ದಾಟಿದೆ' ಎಂದು ಕನ್ನಡ ಮೂಡಿತು.

ಇಷ್ಟಕ್ಕೆ ಮೂರು ದಿನ ಹಿಡಿಯಿತು. ಮೂರು ದಿನ ದೊಡ್ಡದಲ್ಲ. ಆದರೆ ಆ ಮೂರು ದಿನಗಳಲ್ಲಿ ನಾನು ಕಂಡದ್ದನ್ನು ಮರೆಯಲಾರೆ. ವಾಚನಾಲಯದ ಕೆಲಸ ನಿಲ್ಲಬಾರದೆಂದು ಹಿರಿಯರು ಇಂಗ್ಲಿಷ್ ಪರದೆಯಲ್ಲೇ ಲೆಕ್ಕ ನಡೆಸುತ್ತಿದ್ದರು. ಹಳೆಯ ಲಗ್ನಪತ್ರಿಕೆಯೊಂದರ ಬೆನ್ನಿನ ಮೇಲೆ ಗುಂಡಾದ ಅಕ್ಷರಗಳಲ್ಲಿ ಹೀಗೆ ಬರೆದಿಟ್ಟುಕೊಂಡಿದ್ದರು: 'ಮೊದಲನೇ ಸಾಲು, ಪುಸ್ತಕ ಕೊಡೋದು. ಎರಡನೇ ಸಾಲು, ವಾಪಸು. ಕೆಂಪಗೆ ಬಂದರೆ ತಪ್ಪು.' ಓದಲು ಬಲ್ಲವರೊಬ್ಬರು ಓದುವುದನ್ನು ಬಿಟ್ಟು ಸಾಲು ಎಣಿಸುತ್ತ ಕುಳಿತಿದ್ದರು. ಅದಕ್ಕಿಂತ ಹೆಚ್ಚಾಗಿ ನನ್ನನ್ನು ನೋಯಿಸಿದ್ದು ಅವರ ಒಂದು ಮಾತು: "ನಂಗೇ ಸರಿಯಾಗಿ ಒತ್ತೋಕೆ ಬರಲಿಲ್ಲವೇನೋ ಕಣಪ್ಪಾ. ಅದಕ್ಕೇ ನಿನ್ನ ಕನ್ನಡ ಬರಲಿಲ್ಲ." ಯಂತ್ರ ಬಾಯಿಬಿಟ್ಟು ಹೇಳದಿದ್ದ ತಪ್ಪನ್ನು ಅವರು ತಮ್ಮ ತಲೆಗೆ ಕಟ್ಟಿಕೊಂಡಿದ್ದರು.

ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇಲ್ಲಿದೆ. 'ಗಣಕಯಂತ್ರದಲ್ಲಿ ಕನ್ನಡವನ್ನು ಕೇಳುವವರು ಯಾರು? ಕೊಟ್ಟರೂ ಬಳಸುವುದಿಲ್ಲ' ಎಂಬ ಮಾತು ಆಗಾಗ ನಮ್ಮ ಕಿವಿಗೆ ಬೀಳುತ್ತದೆ. ಯಾರಾದರೂ ಆ ಮೂರು ದಿನಗಳಲ್ಲಿ ನಮ್ಮ ವಾಚನಾಲಯಕ್ಕೆ ಬಂದು ಎಣಿಕೆ ಮಾಡಿದ್ದರೆ, 'ಕನ್ನಡ ಅನುವಾದ ಲಭ್ಯವಿದೆ. ಬಳಸುವವರು ಸೊನ್ನೆ' ಎಂದೇ ಬರೆದುಕೊಂಡು ಹೋಗುತ್ತಿದ್ದರು. ಆ ಎಣಿಕೆಯಲ್ಲಿ ಸುಳ್ಳೇನೂ ಇರುತ್ತಿರಲಿಲ್ಲ. ಆದರೆ ಅದರಿಂದ ತೆಗೆಯುವ ತೀರ್ಮಾನ ಪೂರ್ತಿ ಸುಳ್ಳು. ಕಾಣದ ಕನ್ನಡವನ್ನು ಬೇಡದ ಕನ್ನಡವೆಂದು ಎಣಿಸುವುದು ನ್ಯಾಯವಲ್ಲ. ಎಂಒ ಫೈಲು ತೆರೆದು, ಕಣ್ಣೆದುರಿಗೆ ಬಂದು, ಆಮೇಲೆ ಜನ ಅದನ್ನು ಬೇಡವೆಂದರೆ ಅದು ಅವರ ಅಭಿಪ್ರಾಯ. ಫೈಲು ತೆರೆಯದೆಯೇ ಹೋದರೆ ಅದು ಯಾರ ಅಭಿಪ್ರಾಯವೂ ಅಲ್ಲ. ಬರಿಯ ವಿಳಾಸದ ತಪ್ಪು.

ಕಾಣದೆ ಇರುವುದಕ್ಕೂ ಇಲ್ಲದೆ ಇರುವುದಕ್ಕೂ ಇರುವ ಅಂತರವನ್ನು ನಮ್ಮ ನಾಡು ಹಿಂದೊಮ್ಮೆ ಜಗತ್ತಿಗೇ ತೋರಿಸಿಕೊಟ್ಟಿದೆ. ಕೌಟಿಲ್ಯನ ಅರ್ಥಶಾಸ್ತ್ರ ಶತಮಾನಗಳ ಕಾಲ ವಿದ್ವಾಂಸರಿಗೆ ಹೆಸರಿನಿಂದ ಮಾತ್ರ ಗೊತ್ತಿತ್ತು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ೧೯೦೫ರಲ್ಲಿ ಅದರ ಓಲೆಪ್ರತಿಯನ್ನು ಗುರುತಿಸಿದರು. ೧೯೦೯ರಲ್ಲಿ ಅದು ಅಚ್ಚಾಯಿತು. ಅಷ್ಟು ಕಾಲವೂ ಆ ಗ್ರಂಥ ಇಲ್ಲದೆ ಇರಲಿಲ್ಲ. ಗುರುತಿಸುವ ಕಣ್ಣಿಗೆ ಬಿದ್ದಿರಲಿಲ್ಲ, ಅಷ್ಟೆ.

ಇನ್ನು ಪ್ರೋಗ್ರಾಮು ಮಾತಿಲ್ಲದೆ ಇಂಗ್ಲಿಷಿಗೆ ಮರಳುವ ವಿಚಾರ. ಇದನ್ನು ಪೂರ್ತಿ ದೋಷವೆಂದು ನಾನು ಹೇಳಲಾರೆ. ಗೆಟ್‌ಟೆಕ್ಸ್ಟಿಗೆ ಮುಂಚಿನಿಂದಲೂ 'ಕ್ಯಾಟ್‌ಗೆಟ್ಸ್' ಎಂಬ ಬೇರೊಂದು ಪದ್ಧತಿ ಇದೆ. ಅದರಲ್ಲಿ ವಾಕ್ಯಗಳಿಗೆ ಸಂಖ್ಯೆಗಳು. ಇಂಥ ಗುಂಪಿನ ಇಷ್ಟನೆಯ ವಾಕ್ಯವನ್ನು ಕೊಡು ಎಂದು ಕೇಳಬೇಕು. ಸಂಖ್ಯೆಗಳ ಲೆಕ್ಕ ತಪ್ಪಿದರೆ 'ಕೊಡು' ಎನ್ನಬೇಕಾದಲ್ಲಿ 'ಅಳಿಸು' ಎಂದು ಬರುವ ಅಪಾಯ. ವಾಕ್ಯವನ್ನೇ ಬೀಗದ ಕೈ ಮಾಡಿದ್ದರಿಂದ ಗೆಟ್‌ಟೆಕ್ಸ್ಟಿನಲ್ಲಿ ಆ ಅಪಾಯ ತಪ್ಪಿತು. ಅನುವಾದ ಸಿಗದಿದ್ದರೂ ಪ್ರೋಗ್ರಾಮು ಮೂಕವಾಗುವುದಿಲ್ಲ, ಕೆಲಸ ನಿಲ್ಲುವುದಿಲ್ಲ. ಇದು ಒಳ್ಳೆಯ ಏರ್ಪಾಡೇ ಸರಿ. ಊಟಕ್ಕೆ ಅನ್ನವಿಲ್ಲದಿದ್ದರೆ ಅವಲಕ್ಕಿಯನ್ನಾದರೂ ಬಡಿಸಬೇಕು. ಆದರೆ ಬಡಿಸುವಾಗ 'ಇವತ್ತು ಅನ್ನ ಆಗಲಿಲ್ಲ' ಎಂಬ ಒಂದು ಮಾತನ್ನು ಹೇಳುವುದು ಗೃಹಸ್ಥಧರ್ಮ. ಅವಲಕ್ಕಿಯೇ ನಿಮ್ಮ ಊಟ ಎಂಬಂತೆ ಬಡಿಸಿ ಹೋಗುವುದು ಸರಿಯಲ್ಲ.

ಆದುದರಿಂದ ಸಿ ಭಾಷೆಯಲ್ಲಿ ಪ್ರೋಗ್ರಾಮು ಬರೆಯುವ ಮಿತ್ರರಲ್ಲಿ ನನ್ನ ಬಿನ್ನಹಗಳು ನಾಲ್ಕು.

ಒಂದು: ಸೆಟ್‌ಲೊಕೇಲ್ ವಿಫಲವಾದರೆ ಅದು ಹಿಂದಿರುಗಿಸುವ ಉತ್ತರದಿಂದಲೇ ಗೊತ್ತಾಗುತ್ತದೆ. ಆ ಉತ್ತರವನ್ನು ನೋಡದೆ ಮುಂದೆ ಹೋಗಬಾರದು. 'ಕೇಳಿದ ಲೊಕೇಲ್ ಈ ಯಂತ್ರದಲ್ಲಿಲ್ಲ' ಎಂಬ ಒಂದು ಸಾಲಿನ ಎಚ್ಚರಿಕೆ ಸಾಕು. ನಮ್ಮ ಮೂರು ದಿನಗಳಲ್ಲಿ ಮೊದಲನೆಯದು ಉಳಿಯುತ್ತಿತ್ತು.

ಎರಡು: ಅನುವಾದದ ವಿಳಾಸವನ್ನು ಕಂಪೈಲ್ ಮಾಡುವಾಗ ಕಲ್ಲಿನಲ್ಲಿ ಕೊರೆದಂತೆ ಬರೆದುಬಿಡಬಾರದು. ಪ್ರೋಗ್ರಾಮನ್ನು ಬೇರೆ ಫೋಲ್ಡರಿಗೆ ಒಯ್ದರೆ ಅದರ ಅನುವಾದ ಅನಾಥವಾಗುತ್ತದೆ. ತಾನು ಎಲ್ಲಿ ನಿಂತಿದ್ದೇನೆ ಎಂಬುದನ್ನು ಪ್ರೋಗ್ರಾಮು ವ್ಯವಸ್ಥೆಯನ್ನು ಕೇಳಿ ತಿಳಿಯಬಹುದು. ಲಿನಕ್ಸಿನಲ್ಲಿಯೂ ವಿಂಡೋಸಿನಲ್ಲಿಯೂ ಅದಕ್ಕೆ ಮಾರ್ಗಗಳಿವೆ. ಅಲ್ಲಿಂದ ಅನುವಾದದ ಫೋಲ್ಡರಿನ ದಾರಿಯನ್ನು ಲೆಕ್ಕ ಹಾಕಬಹುದು. ಇಂತಹವುಗಳನ್ನು 'ಸ್ಥಳಾಂತರಿಸಬಹುದಾದ' ಪ್ರೋಗ್ರಾಮುಗಳೆನ್ನುತ್ತಾರೆ. ಆದರೆ ಪ್ರೋಗ್ರಾಮಿನ ನೆಲೆಯೇ ಬೇರೆ, ಅದನ್ನು ಕರೆದವನು ನಿಂತ ನೆಲೆಯೇ ಬೇರೆ ಎಂಬುದನ್ನು ಮರೆಯಬಾರದು. ನನ್ನ ಗೆಳೆಯ ಒಮ್ಮೆ 'ಈಗಿರುವ ಫೋಲ್ಡರಿನ ಒಳಗೆ ನೋಡು' ಎಂದು ಬರೆದು ಗೆದ್ದೆನೆಂದು ಬೀಗಿದನು. ಅವನು ಕುಳಿತಲ್ಲಿ ಕನ್ನಡ ಬಂತು. ಹಿರಿಯರು ಪರದೆಯ ಮೇಲಿನ ಚಿತ್ರವನ್ನು ಒತ್ತಿ ತೆರೆದಾಗ ಇಂಗ್ಲಿಷು ಬಂತು. ಪ್ರೋಗ್ರಾಮನ್ನು ಎಲ್ಲಿಂದ ಕರೆದರೋ ಅಲ್ಲಿಂದ ದಾರಿ ಎಣಿಸಿದ್ದರ ಫಲ ಅದು.

ಮೂರು: 'ನೀನು ಅನುವಾದವನ್ನು ಎಲ್ಲಿ ಹುಡುಕುತ್ತಿದ್ದೀಯೆ? ಸಿಕ್ಕಿತೆ?' ಎಂದು ಕೇಳಿದರೆ ಪ್ರೋಗ್ರಾಮು ಬಾಯಿಬಿಡಬೇಕು. ಆವೃತ್ತಿಯ ಸಂಖ್ಯೆಯನ್ನು ಕೇಳಿದರೆ ಹೇಳುವ ಪ್ರೋಗ್ರಾಮಿಗೆ ಇನ್ನೊಂದು ಸಾಲು ಹೆಚ್ಚು ಹೇಳುವುದು ಭಾರವಲ್ಲ. ಎಸ್‌ಟ್ರೇಸ್ ಹಿಡಿದು ಪತ್ತೇದಾರಿ ಮಾಡುವ ಗೆಳೆಯ ಎಲ್ಲ ಅನುವಾದಕರಿಗೂ ಸಿಗುವುದಿಲ್ಲ.

ನಾಲ್ಕು: ಅನುವಾದಕನು ತನ್ನ ಸ್ವಂತ ಫೋಲ್ಡರಿನಲ್ಲಿ ಫೈಲನ್ನಿಟ್ಟು ಪರೀಕ್ಷಿಸಿ ನೋಡಲು ಅವಕಾಶವಿರಬೇಕು. ವ್ಯವಸ್ಥೆಯ ಫೋಲ್ಡರುಗಳಲ್ಲಿ ಬರೆಯುವ ಅಧಿಕಾರ ಎಲ್ಲರಿಗೂ ಇರದು. ಕಾಲೇಜಿನ ಪ್ರಯೋಗಾಲಯದಲ್ಲಿ ನಮಗಂತೂ ಇರುವುದಿಲ್ಲ.

ಈ ನಾಲ್ಕನೆಯದಕ್ಕೆ ನನ್ನ ಗೆಳೆಯ ಒಂದು ಆಕ್ಷೇಪ ಎತ್ತಿದನು. ಅದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಸಿ ಭಾಷೆಯ ವಾಕ್ಯಗಳಲ್ಲಿ ಹೆಸರು, ಸಂಖ್ಯೆ ಮುಂತಾದುವನ್ನು ತುಂಬುವ ಗುರುತುಗಳಿರುತ್ತವೆ. ದುರುದ್ದೇಶದವನೊಬ್ಬ ಆ ಗುರುತುಗಳನ್ನು ತಿರುಚಿದ ಅನುವಾದವನ್ನು ಓದಿಸಿದರೆ ಪ್ರೋಗ್ರಾಮು ದಾರಿ ತಪ್ಪಬಹುದು. ಆದುದರಿಂದ ಕರೆದವನಿಗಿಂತ ಹೆಚ್ಚಿನ ಅಧಿಕಾರದಿಂದ ನಡೆಯುವ ಪ್ರೋಗ್ರಾಮುಗಳು ಹೊರಗಿನವರು ತೋರಿಸಿದ ಫೋಲ್ಡರನ್ನು ನಂಬಕೂಡದು. ಈ ಮಾತು ಒಪ್ಪತಕ್ಕದ್ದೇ. ಆದರೆ ಬ್ಯಾಂಕಿನ ಖಜಾನೆಗೆ ಬೇಕಾದ ಬೀಗವನ್ನು ವಾಚನಾಲಯದ ಬಾಗಿಲಿಗೆ ಹಾಕಬೇಕಾಗಿಲ್ಲ. ಸಾಮಾನ್ಯ ಪ್ರೋಗ್ರಾಮುಗಳಲ್ಲಿ ಈ ಸೌಕರ್ಯ ಇರಬಹುದು, ಇರಬೇಕು.

ಪ್ರೋಗ್ರಾಮು ಬರೆಯುವವರಿಗೆ ಹೇಳಿದ್ದಾಯಿತು. ಅನುವಾದಕರಾದ ನಮ್ಮ ಹೊಣೆಯೂ ಇದೆ. ಅನುವಾದ ಮಾಡಿ ಫೈಲನ್ನು ಯಾರದೋ ಕೈಗಿತ್ತು, 'ನನ್ನ ಕೆಲಸ ಮುಗಿಯಿತು' ಎನ್ನುವುದು ವಾಡಿಕೆಯಾಗಿದೆ. ನಾನೂ ಹಾಗೆಯೇ ಎಣಿಸಿದ್ದೆ. ಅದು ಪರದೆಯ ಮೇಲೆ ಮೂಡಿದುದನ್ನು ಕಣ್ಣಾರೆ ಕಂಡಾಗ ಕೆಲಸ ಮುಗಿಯುತ್ತದೆ. ಅದಕ್ಕೆ ಮುಂಚೆ ಅಲ್ಲ. ಉಬುಂಟುವಿನಲ್ಲಿ ಭಾಷಾಕಟ್ಟುಗಳೊಂದಿಗೆ ಬರುವ ಅನುವಾದಗಳು ವಾಡಿಕೆಯ ಫೋಲ್ಡರಿನಲ್ಲಿ ಅಲ್ಲ, 'ಲೊಕೇಲ್-ಲ್ಯಾಂಗ್‌ಪ್ಯಾಕ್' ಎಂಬ ಬೇರೆ ಫೋಲ್ಡರಿನಲ್ಲಿರುತ್ತವೆ. ಕನ್ನಡದ ಕಟ್ಟನ್ನು ಹಾಕಿಕೊಳ್ಳದಿದ್ದರೆ ಅವು ಯಂತ್ರಕ್ಕೇ ಬರುವುದಿಲ್ಲ. ಪಿಒ ಫೈಲಿನಲ್ಲಿ 'ಫಜಿ', ಅಂದರೆ ಸಂದೇಹಾಸ್ಪದ, ಎಂದು ಗುರುತಾದ ವಾಕ್ಯಗಳನ್ನು ಎಂಒ ಫೈಲಿಗೆ ಮಾರ್ಪಡಿಸುವ ಸಲಕರಣೆ ಸಾಮಾನ್ಯವಾಗಿ ಬಿಟ್ಟುಬಿಡುತ್ತದೆ. ಇಂತಹ ಸಣ್ಣ ಸಂಗತಿಗಳನ್ನು ಅರಿಯದೆ ಮಾಡಿದ ಅನುವಾದ, ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದಂತೆ ಆಗುತ್ತದೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಕಲಾ ಕಾಲೇಜಿನ ವಿದ್ಯಾರ್ಥಿಗೆ ಇದೇತಕ್ಕೆ? ಅನುವಾದ ನಮ್ಮ ಕೆಲಸವಾದುದರಿಂದ. 'ವಾಯಿದೆ ದಾಟಿದೆ' ಎಂಬ ಮಾತನ್ನು ಆರಿಸಲು ಬೇಕಾದ ಕಿವಿ ನಮ್ಮ ತರಗತಿಗಳಲ್ಲಿ ತಯಾರಾಗಬೇಕು. ಇಂಜಿನಿಯರಿಂಗ್ ಕಾಲೇಜಿನ ಯಂತ್ರಶಾಲೆಯಲ್ಲಿ ಅಲ್ಲ. ಆದರೆ ಆರಿಸಿದ ಮಾತು ಓದುಗನನ್ನು ತಲುಪುವ ದಾರಿಯನ್ನು ಬೇರೆಯವರಿಗೆ ಬಿಟ್ಟರೆ, ಅದು ದಾರಿಯಲ್ಲಿ ಕಳೆದುಹೋದದ್ದೂ ನಮಗೆ ತಿಳಿಯದು. ಗ್ರಂಥಾಲಯ ವಿಜ್ಞಾನದ ಎಸ್. ಆರ್. ರಂಗನಾಥನ್ ಅವರು ಗಣಿತದ ಅಧ್ಯಾಪಕರಾಗಿದ್ದವರು. ಪುಸ್ತಕ ಓದುಗನ ಕೈಸೇರುವ ದಾರಿಯನ್ನೇ ಒಂದು ಶಾಸ್ತ್ರವಾಗಿ ಬೆಳೆಸಿ, ೧೯೬೨ರಲ್ಲಿ ಬೆಂಗಳೂರಿನಲ್ಲಿ ಅದಕ್ಕಾಗಿ ಒಂದು ಸಂಶೋಧನ ಕೇಂದ್ರವನ್ನು ಕಟ್ಟಿದರು. ಗಣಿತದವರು ಪುಸ್ತಕದ ಕಪಾಟಿಗೆ ಬರಬಹುದಾದರೆ, ಸಾಹಿತ್ಯದ ವಿದ್ಯಾರ್ಥಿಗಳು ಫೋಲ್ಡರಿನ ಬಾಗಿಲಿಗೆ ಹೋಗುವುದರಲ್ಲಿ ಅಗೌರವವೇನೂ ಇಲ್ಲ.

ನಮ್ಮ ಕನ್ನಡ ವಿಭಾಗದ ಗುರುಗಳಲ್ಲಿಯೂ ಒಂದು ಅರಿಕೆ. ಅನುವಾದದ ಪಾಠದಲ್ಲಿ ಒಂದು ಕವಿತೆ, ಒಂದು ಪ್ರಬಂಧದ ಜೊತೆಗೆ, ಐವತ್ತು ವಾಕ್ಯಗಳ ಒಂದು ಪಿಒ ಫೈಲನ್ನೂ ನಮ್ಮ ಕೈಗೆ ಕೊಡಬಾರದೇಕೆ? ಅಂಕವನ್ನು ಕಾಗದದ ಮೇಲೆ ಕೊಡಬೇಡಿ; ಅನುವಾದ ಪರದೆಯ ಮೇಲೆ ಮೂಡಿದ ದಿನ ಕೊಡಿ. ಆಗ ಪದ ಆರಿಸುವ ವಿವೇಕವೂ ವಿಳಾಸ ಬರೆಯುವ ಎಚ್ಚರವೂ ಒಟ್ಟಿಗೆ ಬರುತ್ತವೆ.

ರಜೆ ಮುಗಿದು ಕಾಲೇಜಿಗೆ ಹೊರಡುವ ಹಿಂದಿನ ಸಂಜೆ ವಾಚನಾಲಯಕ್ಕೆ ಹೋಗಿದ್ದೆ. ಹಿರಿಯರು ಕನ್ನಡಕ ಏರಿಸಿಕೊಂಡು ಪರದೆಯನ್ನು ಓದುತ್ತಿದ್ದರು, ಸಾಲು ಎಣಿಸುತ್ತಿರಲಿಲ್ಲ. ನನ್ನನ್ನು ಕಂಡೊಡನೆ, "ಬಾಪ್ಪಾ, ಒಂದು ತಪ್ಪು ಸಿಕ್ಕಿದೆ. 'ಸದಸ್ಯರ ಹೆಸರು ಸಿಗಲಿಲ್ಲ' ಅನ್ನೋ ಕಡೆ ಒತ್ತು ಬಿಟ್ಟಿದ್ದೀಯ" ಎಂದರು. ನೋಡಿದೆ, ನಿಜ, 'ಸದಸರು' ಎಂದಾಗಿತ್ತು. ಅಷ್ಟು ಸಂತೋಷದಿಂದ ನಾನು ಯಾವ ತಪ್ಪನ್ನೂ ಒಪ್ಪಿಕೊಂಡದ್ದಿಲ್ಲ. ಕಾಣದ ಕನ್ನಡದಲ್ಲಿ ತಪ್ಪು ಹಿಡಿಯುವುದು ಯಾರಿಗೂ ಸಾಧ್ಯವಿಲ್ಲ. ಲಗ್ನಪತ್ರಿಕೆಯ ಆ ಚೀಟಿಯನ್ನು ಅವರಿಂದ ಕೇಳಿ ತಂದಿದ್ದೇನೆ. ನನ್ನ ಪುಸ್ತಕದಲ್ಲಿ ಗುರುತಿನ ಹಾಳೆಯಾಗಿ ಅದು ಈಗಲೂ ಇದೆ.